ಹತ್ತಿ ಇಳೀತೇನ್ರಿ

ನಮ್ಮ ಮನೆಯ ಗಂಡಸರು ವರ್ಷಕ್ಕೊಮ್ಮೆ ಬೆಟ್ಟ ಹತ್ತುತ್ತಿದ್ದರು. ಹೆಂಗಸರು ಅದೇ ಬೆಟ್ಟದ ಬುಡದಲ್ಲಿ ಕೂತು ಅಡುಗೆ ಮಾಡುತ್ತಿದ್ದರು. ದೀಪಾವಳಿ ಮುಗಿದು, ಕರಿದ ತಿಂಡಿಯ ಡಬ್ಬಿಗಳು ಅರ್ಧಕ್ಕೆ ಇಳಿದ ಹೊತ್ತಿಗೆ ದೊಡ್ಡಪ್ಪ ಪಡಸಾಲೆಯಲ್ಲಿ ಕೂತು, “ಗಿರಿಗೆ ಹೋಗೂದು ಯಾವಾಗ?” ಎಂದು ತನ್ನನ್ನೇ ಕೇಳಿಕೊಂಡು, ಪಂಚಾಂಗ ನೋಡಿ, ದಿನವನ್ನೂ ತಾನೇ ಹೇಳುತ್ತಿದ್ದ. ಗಿರಿ ಎಂದರೆ ಮುಳ್ಳಯ್ಯನಗಿರಿ. ಚಿಕ್ಕಮಗಳೂರಿನ ಆಚೆ ಇರುವ, ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ. ಅದರ ನೆತ್ತಿಯ ಮೇಲೆ ಒಬ್ಬ ತಪಸ್ವಿಯ ಗದ್ದುಗೆ ಇದೆ. ಧಾರವಾಡದಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ಮನೆತನಕ್ಕೂ ಅಷ್ಟು ದೂರದ ಬೆಟ್ಟಕ್ಕೂ ಹೇಗೆ ಗಂಟು ಬಿತ್ತೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಜ್ಜ ಶುರು ಮಾಡಿದ, ದೊಡ್ಡಪ್ಪ ಬಿಡಲಿಲ್ಲ, ಅಷ್ಟೇ. ಹಾಗೆಯೇ, ಹೆಂಗಸರು ಮೇಲೆ ಹತ್ತಬಾರದು ಎನ್ನುವುದೂ ಯಾರೋ ಶುರು ಮಾಡಿದ್ದು, ಯಾರೂ ಬಿಡದೇ ಇದ್ದದ್ದು.

ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಮೊನ್ನೆ ತಮ್ಮ ಈರಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನ ತಲೆಯೂ ಈಗ ನರೆತಿದೆ.

“ಮನಿ ಮಾತು ಮಂದಿ ಮುಂದ ಯಾಕಕ್ಕಾ? ದೊಡ್ಡಪ್ಪ ಹೋಗಿ ಎಷ್ಟ ವರ್ಷ ಆತು,” ಎಂದ.

“ಮಂದಿ ಮನ್ಯಾಗೂ ಇದ ನಡದೈತಿ, ಅದಕ್ಕ,” ಎಂದೆ.

ಹೆಬ್ಬಳ್ಳಿ ಅಗಸಿಯ ಹತ್ತಿರ ಇದ್ದ ಆ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಬಲಕ್ಕೆ ದೇವರ ಕೋಣೆ, ಕೊನೆಗೆ ಅಡುಗೆಮನೆ ಮತ್ತು ಬಚ್ಚಲು. ಬೀದಿಯ ಬೆಳಕು ಪಡಸಾಲೆಯಲ್ಲಿ ತುಂಬಿ, ನಡುಮನೆಯಲ್ಲಿ ಅರ್ಧವಾಗಿ, ಅಡುಗೆಮನೆ ಮುಟ್ಟುವಷ್ಟರಲ್ಲಿ ತೀರಿಹೋಗುತ್ತಿತ್ತು. ಅವ್ವ ಹಗಲಲ್ಲೂ ಬಲ್ಬು ಹಾಕಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಮನೆಯ ಜನ ಕೂಡ ಹಾಗೆಯೇ ಹಂಚಿಹೋಗಿದ್ದರು. ಮುಂದೆ ದೊಡ್ಡಪ್ಪ ಮತ್ತು ಅಪ್ಪ; ನಡುಮನೆಯಲ್ಲಿ ಅವರ ತಾಯಿ, ಅಂದರೆ ನಮ್ಮ ಆಯಿ; ಹಿಂದೆ ದೊಡ್ಡವ್ವ ಮತ್ತು ನಮ್ಮವ್ವ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಾನು, ಈರಣ್ಣ ಇಬ್ಬರೇ ಎಲ್ಲ ಕೋಣೆಗಳಲ್ಲೂ ಓಡಾಡುವ ಹಕ್ಕಿದ್ದವರು. ಬೆಳಿಗ್ಗೆ ದೊಡ್ಡಪ್ಪ ದೇವರ ಕೋಣೆಯಲ್ಲಿ ಒಂದು ತಾಸು ಕೂತು ಲಿಂಗಪೂಜೆ ಮಾಡುತ್ತಿದ್ದ. ವಿಭೂತಿ, ಬಿಲ್ವಪತ್ರೆ, ಗಂಧದ ವಾಸನೆ ಮನೆಯನ್ನೆಲ್ಲ ತುಂಬುತ್ತಿತ್ತು. ಅದಕ್ಕೂ ಮೊದಲೇ ಅವ್ವ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಮೇಲೆ ನೀರು ಕಾಯುತ್ತಿರುವಾಗ, ಕೊರಳ ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡು ತನ್ನ ಪೂಜೆ ಮುಗಿಸಿರುತ್ತಿದ್ದಳು. ನೀರು ಕುದಿ ಬಂದರೆ ಅವಳ ಪೂಜೆ ಮುಗಿಯಿತು ಎಂದು ಲೆಕ್ಕ.

ಊಟಕ್ಕೆ ಮೊದಲು ಗಂಡಸರು, ಅವರ ಜೊತೆ ಮಕ್ಕಳು, ಆಮೇಲೆ ಆಯಿ, ಕೊನೆಗೆ ದೊಡ್ಡವ್ವ ಮತ್ತು ಅವ್ವ. ಅವ್ವನ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ ಬಲ್ಬಿಗೆ ಅಡ್ಡ ಹಿಡಿದರೆ ಬೆಳಕು ಕಾಣುತ್ತಿತ್ತು. ದೊಡ್ಡಪ್ಪ ಅದನ್ನು ಎಣಗಾಯಿ ಪಲ್ಯದಲ್ಲಿ ಅದ್ದಿ ತಿನ್ನುತ್ತ, ಅವ್ವನಿಗೆ ಹೇಳದೆ, ಗೋಡೆಗೆ ಹೇಳಿದಂತೆ, “ರೊಟ್ಟಿ ಅಂದ್ರ ಹಿಂಗಿರಬೇಕು,” ಎನ್ನುತ್ತಿದ್ದ. ಅವನು ಕೆಟ್ಟ ಮನುಷ್ಯ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಿಂದ ಬರುವಾಗ ಅಂಗಿಯ ಕಿಸೆಯಲ್ಲಿ ನನಗೆ ಪೆಪ್ಪರಮೆಂಟು ಇರುತ್ತಿತ್ತು. ಸಂಜೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪೇಪರ್ ಓದಿಸುತ್ತಿದ್ದ. ನಾನು ತಪ್ಪಿಲ್ಲದೆ ಓದಿದರೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಕೆಟ್ಟವರ ಎದುರು ನಿಲ್ಲುವುದು ಅಷ್ಟು ಕಷ್ಟವಲ್ಲ. ಪ್ರೀತಿ ಮಾಡುವವರ ಎದುರು ನಿಲ್ಲುವುದೇ ಕಷ್ಟ.

ಗಿರಿಯಿಂದ ಬಂದ ಮೇಲೆ ಒಂದು ವಾರ ಮನೆಯಲ್ಲಿ ಅದೇ ಮಾತು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಹತ್ತಿದ್ದನ್ನೆಲ್ಲ ಹೇಳುತ್ತಿದ್ದ. ಮೋಡ ಕಾಲ ಕೆಳಗೆ ಹೋಗುವುದು, ಹುಲ್ಲು ನೆಲಕ್ಕೆ ಮಲಗಿಬಿಡುವುದು, ಸುತ್ತ ಎಲ್ಲಿ ನೋಡಿದರೂ ಬೆಟ್ಟದ ಬೆನ್ನುಗಳು. ಅವ್ವ ನಡುಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಕೈಗೆ ಹತ್ತಿದ ಹಿಟ್ಟು ಒಣಗುವವರೆಗೂ. ಅವಳ ತವರು ಉಪ್ಪಿನಬೆಟಗೇರಿ. ಎರೆಹೊಲದ ಊರು, ಹುಟ್ಟಿದಾಗಿನಿಂದ ಬಣವೆಗಿಂತ ಎತ್ತರದ್ದೇನನ್ನೂ ಅವಳು ಹತ್ತಿರಲಿಲ್ಲ. ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಅದೂ ಬಾಗಿಲ ಮರೆಯಿಂದಲೇ.

“ಮ್ಯಾಲೆ ಗಾಳಿ ಹೆಂಗ ಇರತೈತ್ರಿ, ಭಾವಾರ?”

“ನಿಂತವರನ್ನ ಕೆಡವತೈತಿ,” ಎಂದು ದೊಡ್ಡಪ್ಪ ಬೀದಿಯ ಕಡೆ ನೋಡುತ್ತ ಹೇಳುತ್ತಿದ್ದ. ಅವ್ವ “ಹೌದ್ರೀ?” ಎಂದು ಒಳಗೆ ಹೋಗುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ವರ್ಷ ಈರಣ್ಣನಿಗೆ ಏಳಾಯಿತು. ನಮ್ಮ ಮನೆಯಲ್ಲಿ ಗಂಡುಮಕ್ಕಳು ಏಳಕ್ಕೆ ಗಿರಿ ಹತ್ತಬೇಕು. ಅವನಿಗೆ ಹೊಸ ಬಿಳಿ ಕ್ಯಾನ್ವಾಸ್ ಬೂಟು ಬಂತು. ಅವನು ಅದನ್ನು ಹಾಕಿಕೊಂಡು ಮನೆಯೊಳಗೆಲ್ಲ ಓಡಾಡಿದ, ಹಾಸಿಗೆಯ ಮೇಲೂ. ನಾನು ಕೂಸಿದ್ದಾಗಿನಿಂದ ಪ್ರತಿ ವರ್ಷ ಆ ಬೆಟ್ಟದ ಬುಡಕ್ಕೆ ಹೋಗಿದ್ದೆ. ಬುಡದ ಪ್ರತಿ ಕಲ್ಲು ನನಗೆ ಗೊತ್ತಿತ್ತು. ಯಾವ ಮರದ ಕೆಳಗೆ ಒಲೆ ಹೂಡಿದರೆ ಹೊಗೆ ಕಣ್ಣಿಗೆ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು. ಮೇಲೆ ಮಾತ್ರ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.

“ನಾನೂ ಹತ್ತತೇನಿ, ದೊಡ್ಡಪ್ಪಾ.”

ದೊಡ್ಡಪ್ಪ ನಕ್ಕ. “ಹುಚ್ಚ ಹುಡುಗಿ. ನಮ್ಮ ಮನಿ ಹೆಣ್ಣಮಕ್ಕಳು ಹತ್ತೂದಿಲ್ಲ.”

“ಯಾಕ?”

“ಪದ್ಧತಿ ಇಲ್ಲ.”

“ಈರ್‍ಯಾಗ ಇನ್ನೂ ಚಡ್ಡಿ ಹಾಕ್ಕೊಳ್ಳಾಕ ಬರೂದಿಲ್ಲ. ಅವ ಹತ್ತಬಹುದು, ನಾ ಯಾಕ ಹತ್ತಬಾರದು? ನನ್ನ ಕೊರಳಾಗೂ ಲಿಂಗ ಐತಿ.”

ದೊಡ್ಡಪ್ಪನ ನಗು ನಿಂತಿತು. ಅಪ್ಪ ತಟ್ಟೆಯೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ತಲೆ ತಗ್ಗಿಸಿದ. ಅಷ್ಟರಲ್ಲಿ ಮೊಸರು ಬಡಿಸಲು ಬಂದ ಅವ್ವ ಪಾತ್ರೆ ಕೆಳಗಿಟ್ಟು ನನ್ನ ಕೆನ್ನೆಗೆ ಹೊಡೆದಳು. ಎಲ್ಲರೆದುರು. ಅವಳು ನನಗೆ ಹೊಡೆದದ್ದು ಅದೇ ಮೊದಲು, ಅದೇ ಕೊನೆ. “ದೊಡ್ಡವರ ಜೋಡಿ ಹಿಂಗ ಮಾತಾಡ್ತಾರೇನ?” ಎಂದಳು. ನಾನು ತಟ್ಟೆ ಬಿಟ್ಟು ಎದ್ದೆ. ಮರುದಿನ ಬೆಳಿಗ್ಗೆಯೂ ತಿನ್ನಲಿಲ್ಲ, ಮಧ್ಯಾಹ್ನವೂ ತಿನ್ನಲಿಲ್ಲ. ದೊಡ್ಡಪ್ಪ ಪೆಪ್ಪರಮೆಂಟು ತಂದು ಕೊಟ್ಟ. ಅವನ ಕಣ್ಣೆದುರೇ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ದೊಡ್ಡವ್ವ ಬೈದಳು, ಆಯಿ ರಮಿಸಿದಳು. ಅವ್ವ ಮಾತ್ರ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸಂಜೆಗೆ ಶೇಂಗಾ ಹೋಳಿಗೆಯ ವಾಸನೆ ಬಂತು, ನಾನು ಸೋತೆ. ಹನ್ನೊಂದು ವರ್ಷದ ಹಟ ಅಷ್ಟೇ ಬಾಳಿದ್ದು. ಅದನ್ನು ಎತ್ತಿಕೊಂಡವಳು ಬೇರೆ ಇದ್ದಳು ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಬಾಡಿಗೆಯ ಮಟಾಡೋರ್‌ನಲ್ಲಿ ಹೋದೆವು. ಹಿಂದೆ ಪಾತ್ರೆ, ಕಟ್ಟಿಗೆ, ರೊಟ್ಟಿಯ ಗಂಟು, ನೆನೆಹಾಕಿದ ಗೋಧಿಯ ಡಬ್ಬಿ, ಅವುಗಳ ನಡುವೆ ನಾವು. ರಾತ್ರಿ ಚಿಕ್ಕಮಗಳೂರಿನ ಒಂದು ಛತ್ರದಲ್ಲಿ ಇದ್ದು, ಬೆಳಕು ಹರಿಯುವಾಗ ಬೆಟ್ಟದ ಬುಡಕ್ಕೆ ಬಂದೆವು. ಚಳಿಗೆ ಬಾಯಿಯಿಂದ ಹೊಗೆ ಬರುತ್ತಿತ್ತು. ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ದೊಡ್ಡಪ್ಪ, ಅಪ್ಪ, ಈರಣ್ಣ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರು. ಈರಣ್ಣ ತನ್ನ ಬಿಳಿ ಬೂಟು ನೋಡಿಕೊಳ್ಳುತ್ತ ಎರಡು ಸಲ ಎಡವಿದ. ನಾನು ಒಲೆಗೆ ಪುಳ್ಳೆ ಮುರಿದು ಹಾಕುತ್ತಿದ್ದೆ. ಗಂಡಸರು ಇಳಿದು ಬರುವ ಹೊತ್ತಿಗೆ ಗೋಧಿಹುಗ್ಗಿ ಆಗಿರಬೇಕು, ಅದು ನೇಮ. ಹುಗ್ಗಿ ಎಂದರೆ ಬಿಡದೆ ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಅವ್ವ ತಿರುವುತ್ತಿದ್ದಳು. ಅವಳ ಕಣ್ಣು ಮಾತ್ರ ಪಾತ್ರೆಯಲ್ಲಿರಲಿಲ್ಲ. ಮರಗಳಿಗಿಂತ ಮೇಲೆ ಬೆಟ್ಟದ ಹಸಿರು ಬೆನ್ನಿಗೆ ಬಿಸಿಲು ಬೀಳುತ್ತಿತ್ತು, ಆ ಹಸಿರಿನ ಮೇಲೆ ಮೂರು ಚುಕ್ಕೆಗಳು ಏರುತ್ತಿದ್ದವು. ಅರ್ಧ ತಾಸು ಆಗಿರಬೇಕು. ಅವ್ವ ಸೌಟನ್ನು ದೊಡ್ಡವ್ವನ ಕೈಗೆ ಕೊಟ್ಟಳು.

“ಅಕ್ಕಾರ, ಇದನ್ನ ಸ್ವಲ್ಪ ತಿರುವ್ರಿ. ನಾ ಹೋಗಿ ಬರತೇನಿ.”

ಬಯಲ ಕಡೆಗೆ ಹೊರಟಳು ಎಂದು ದೊಡ್ಡವ್ವ ತಿಳಿದಳು. “ಲಗೂ ಬಾ ಮತ್ತ.”

“ಲಗೂ ಆಗೂದಿಲ್ರಿ,” ಎಂದು ಅವ್ವ ಇಳಕಲ್ ಸೀರೆಯ ನೆರಿಗೆಗಳನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕಡೆ ತಿರುಗಿ, “ಏಳ,” ಎಂದಳು.

ದೊಡ್ಡವ್ವನಿಗೆ ಆಗ ಅರ್ಥವಾಯಿತು. “ಕಸ್ತೂರೀ, ಹುಚ್ಚ ಹಿಡೀತೇನ? ಅವರು ಏನಂದಾರು? ನನ್ನ ಮ್ಯಾಲೆ ಬರತೈತಿ ಎಲ್ಲಾ!” ಎಂದು ಕೂಗಿದಳು. ಸೌಟು ಬಿಟ್ಟು ಬಂದು ಹಿಡಿದುಕೊಳ್ಳಬೇಕೆಂದರೆ ಹುಗ್ಗಿ ತಳ ಹಿಡಿಯುತ್ತದೆ. ನಾವು ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಆಯಿ ಕರೆದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಯಿಯ ಮಾತನ್ನು ಅವ್ವ ಒಮ್ಮೆಯೂ ಮೀರಿರಲಿಲ್ಲ.

“ಕಸ್ತೂರಿ, ನೀರು ತಗೊಂಡ ಹೋಗ,” ಎಂದು ಆಯಿ ಮುಚ್ಚಳದ ತಂಬಿಗೆಯನ್ನು ಮುಂದೆ ಹಿಡಿದಳು.

ಮೊದಲು ಮರಗಳ ನೆರಳು, ತಂಪು, ಹೆಜ್ಜೆಗೆ ಹಿತವಾದ ಮಣ್ಣು. ನಾನು ಓಡಿದೆ. ಮರಗಳು ಮುಗಿದ ಮೇಲೆ ಬರೀ ಹುಲ್ಲು, ಕಲ್ಲು, ನೆಟ್ಟಗೆ ಮೇಲೆದ್ದ ದಾರಿ. ಅವ್ವ ಎರಡು ಕೊಡ ನೀರು ಹೊತ್ತು ಬರುವ ಹೆಂಗಸು, ತ್ರಾಣ ಇರಲಿಲ್ಲವೆಂದಲ್ಲ. ಆದರೆ ಈ ದಾರಿಗೆ ಬೇರೆ ಉಸಿರು ಬೇಕಿತ್ತು. ಅವಳ ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದಳು. ಒಂದು ಕಡೆ ದಾರಿ ಬೆಟ್ಟದ ಅಂಚಿನಲ್ಲೇ ಹೋಗುತ್ತದೆ. ಬಲಕ್ಕೆ ನೋಡಿದರೆ ಕೆಳಗಿನ ಕಣಿವೆ ಒಮ್ಮೆಲೇ ಕಾಣುತ್ತದೆ. ಅಲ್ಲಿ ಅವ್ವ ಕೂತುಬಿಟ್ಟಳು. ಎರಡೂ ಅಂಗೈ ನೆಲಕ್ಕೆ ಊರಿ, ಕಣ್ಣು ಮುಚ್ಚಿಕೊಂಡಳು. ಮೋಡ ಬಂದು ನಮ್ಮನ್ನು ಮುಚ್ಚಿತು. ಹತ್ತು ಮಾರು ಆಚೆ ಏನೂ ಕಾಣದಾಯಿತು. ಅವಳ ಮುಖದಲ್ಲಿ ಬೆವರಿನ ಹನಿಗಳಿದ್ದವು, ತುಟಿ ಬಿಳುಪೇರಿತ್ತು. ಅವ್ವನಿಗೂ ಹೆದರಿಕೆ ಆಗುತ್ತದೆ ಎನ್ನುವುದನ್ನು ನಾನು ಮೊದಲ ಸಲ ನೋಡಿದೆ. ನನಗೂ ಹೆದರಿಕೆಯಾಯಿತು.

“ಅವ್ವಾ, ವಾಪಸ್ ಹೋಗೂಣು. ನನಗ ಬ್ಯಾಡ ಗಿರಿ.”

ಅವ್ವ ಕಣ್ಣು ಬಿಡಲಿಲ್ಲ. “ಅರ್ಧಾ ಗುಡ್ಡ ನೋಡಿ ಬಂದೆ ಅಂತ ಹೇಳ್ಲ್ಯಾ ಅವರಿಗೆ? ಬೈಸ್ಕೊಳ್ಳೂದಂತೂ ಐತಿ. ಪೂರ್ತಿ ಹತ್ತೇ ಬೈಸ್ಕೋತೇನಿ.” ತಂಬಿಗೆಯ ನೀರು ಕುಡಿದಳು, ನನಗೂ ಕುಡಿಸಿದಳು. “ನೀ ಮುಂದ ನಡಿ. ನಾ ಬಲಕ್ಕ ನೋಡೂದಿಲ್ಲ, ನಿನ್ನ ಜಡಿ ನೋಡ್ಕೋತ ಬರತೇನಿ.” ಹಾಗೆಯೇ ಬಂದಳು. ಆ ಅಂಚನ್ನು ದಾಟುವವರೆಗೆ ಒಂದಷ್ಟು ದೂರ ಕೈಯನ್ನೂ ನೆಲಕ್ಕೆ ಊರಿಕೊಂಡು ಬಂದಳು. ನೋಡಿದವರು ಏನೆಂದುಕೊಂಡಾರು ಎಂದು ಒಮ್ಮೆಯೂ ಅನ್ನಲಿಲ್ಲ.

ಮೋಡ ಸರಿಯಿತು. ಮೇಲಿನ ತಿರುವಿನಲ್ಲಿ ಮೊದಲು ಕಂಡದ್ದು ಈರಣ್ಣನ ಬೂಟು. ಅವು ಬಿಳಿಯಾಗಿ ಉಳಿದಿರಲಿಲ್ಲ. ಅವನ ಹಿಂದೆ ದೊಡ್ಡಪ್ಪ, ಅಪ್ಪ. ಗಂಡಸರು ಇಳಿಯುತ್ತಿದ್ದರು. ಈರಣ್ಣ “ಅವ್ವಾ!” ಎಂದು ಖುಷಿಯಿಂದ ಕೂಗಿದ. ದೊಡ್ಡಪ್ಪ ನಿಂತಲ್ಲೇ ನಿಂತ. ಅವ್ವ ಮೊದಲು ಕೈಯಲ್ಲಿದ್ದ ಚಪ್ಪಲಿಯನ್ನು ನನಗೆ ಕೊಟ್ಟಳು, ಹಿರಿಯರೆದುರು ಚಪ್ಪಲಿ ಹಿಡಿದು ನಿಲ್ಲಬಾರದೆಂದು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅಷ್ಟೆಲ್ಲ ಮರ್ಯಾದೆಯನ್ನೂ ಮಾಡಿ, ದಾರಿಯ ನಡುವೆ ನಿಂತಳು.

“ಎಲ್ಲಿ ಹೊಂಟಿ?” ದೊಡ್ಡಪ್ಪ ಕೇಳಿದ. ಅವನು ಅವ್ವನನ್ನು ನೇರವಾಗಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಮ್ಯಾಲೆ ಹೊಂಟೇನ್ರಿ.”

“ಕೆಳಗ ಇಳಿ.”

“ಇಳೀತೇನ್ರಿ. ಹತ್ತಿ ಇಳೀತೇನಿ.”

ದೊಡ್ಡಪ್ಪನ ಮುಖ ಕೆಂಪಾಯಿತು. ಕೋಪಕ್ಕಿಂತ ಹೆಚ್ಚಾಗಿ ಅವನಿಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ ಎಂದು ಈಗ ಅನಿಸುತ್ತದೆ. ಅಷ್ಟು ವರ್ಷ ಬಾಗಿಲ ಹಿಂದಿನಿಂದ ಬರುತ್ತಿದ್ದ ದನಿಗೆ ಈಗ ಮುಖ ಇತ್ತು, ಆ ಮುಖ ಅವನನ್ನು ನೋಡುತ್ತಿತ್ತು. ಅವನು ಅಪ್ಪನ ಕಡೆ ತಿರುಗಿದ.

“ಹೇಳೋ ನಿನ್ನ ಹೆಂಡ್ತಿಗೆ.”

ಅಷ್ಟರಲ್ಲಿ ನಮ್ಮ ಹಿಂದೆ ಹತ್ತಿ ಬಂದವರು ಒಂದು ಗುಂಪಾಗಿ ನಿಂತಿದ್ದರು. ಯಾವುದೋ ಹಳ್ಳಿಯ ಮಂದಿ. ಅವರಲ್ಲಿ ಐದಾರು ಹೆಂಗಸರು, ಸೊಂಟದಲ್ಲಿ ಮಗು ಹೊತ್ತ ಒಬ್ಬ ತಾಯಿ. ಅವಳೇ ಕೂಗಿದಳು, “ಸ್ವಲ್ಪ ದಾರಿ ಬಿಡಿ ಸ್ವಾಮಿ, ಮಗು ಚಳೀಲಿ ಐತೆ.” ಅಪ್ಪ ಈರಣ್ಣನ ಕೈ ಹಿಡಿದು ದಾರಿ ಬಿಟ್ಟು ಹುಲ್ಲಿಗೆ ಇಳಿದ.

“ಅಣ್ಣಾ, ದಾರಿ ಬಿಡು. ಹಿಂದ ಮಂದಿ ನಿಂತಾರ,” ಎಂದ.

ಅಪ್ಪ ಅವ್ವನ ಪರವಾಗಿ ಆಡಿದ ಮಾತು ಅಷ್ಟೇ. ಅದನ್ನು ಪರವಾಗಿ ಎಂದು ಕರೆಯಬಹುದೋ ಇಲ್ಲವೋ ಎಂದು ತಿಳಿಯದೆ ನಾನು ಬಹಳ ವರ್ಷ ಅವನ ಮೇಲೆ ಸಿಟ್ಟಿನಲ್ಲಿದ್ದೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ದೊಡ್ಡಪ್ಪ ಹೇಳಿದ್ದನ್ನು ಅಪ್ಪ ಮಾಡದೇ ಇದ್ದದ್ದು ಅವನ ಜನ್ಮದಲ್ಲೇ ಅದೊಂದು ಸಲ, ಅದನ್ನೂ ಬರೆದಿಡಬೇಕು. ದೊಡ್ಡಪ್ಪ ಪಕ್ಕಕ್ಕೆ ಸರಿದ. ಸರಿಯುತ್ತ ಹೇಳಿದ, “ಇವತ್ತ ನೀ ಮ್ಯಾಲೆ ಹೋದ್ರ, ನಿನ್ನ ಕೈಲೆ ಮಾಡಿದ್ದನ್ನ ನಾ ಉಣ್ಣೂದಿಲ್ಲ. ತಿಳೀತಿಲ್ಲೋ?” ಸೊಸೆಯಾಗಿ ಬಂದ ದಿನದಿಂದ ಅವ್ವ ಆ ಮನೆಯಲ್ಲಿ ಗಳಿಸಿದ್ದು ಆ ರೊಟ್ಟಿಯ ಹೆಸರೊಂದೇ. “ನಿಮ್ಮ ಇಚ್ಛಾರಿ, ಭಾವಾರ,” ಎಂದಳು. ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ನೂಕಿದಳು. ನಾವು ದೊಡ್ಡಪ್ಪನ ಮಗ್ಗುಲಿಂದ ದಾಟಿ ಹೋದೆವು. ಅವನ ಅಂಗಿಗೆ ಗಂಧದ ವಾಸನೆ ಇತ್ತು. ನಾನು ತಲೆ ಎತ್ತಿ ನೋಡಲಿಲ್ಲ; ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಮೇಲೆ ಗಾಳಿ ನಿಂತವರನ್ನು ಕೆಡವಲಿಲ್ಲ. ಜೋರಾಗಿತ್ತು ನಿಜ, ಅವ್ವನ ಸೆರಗು ತಲೆಯ ಮೇಲೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಎರಡು ಸಲ ಎಳೆದುಕೊಂಡಳು, ಮೂರನೆಯ ಸಲ ಬಿಟ್ಟುಬಿಟ್ಟಳು. ಕೂದಲು ಬಿಚ್ಚಿ ಮುಖದ ತುಂಬ ಹಾರಾಡಿತು. “ಬರೇ ಸೆರಗ ಕೆಡವತೈತಿ ನೋಡ ಇದು,” ಎಂದು ನಕ್ಕಳು. ಗುಡಿಯ ಸುತ್ತ ಎಲ್ಲೆಲ್ಲೂ ಹೆಂಗಸರಿದ್ದರು. ಮುದುಕಿಯರಿದ್ದರು, ಲಂಗ ತೊಟ್ಟ ಹುಡುಗಿಯರಿದ್ದರು, ಗೋಡೆಗೆ ಒರಗಿ ಬುತ್ತಿ ಬಿಚ್ಚಿದವರಿದ್ದರು. ನಮ್ಮನ್ನು ಯಾರೂ ತಿರುಗಿ ನೋಡಲಿಲ್ಲ. ಗದ್ದುಗೆಗೆ ನಮಸ್ಕಾರ ಮಾಡಿ ಎದ್ದಾಗ ಪೂಜಾರಿ ವಿಭೂತಿ ಕೊಟ್ಟು, ಯಾವೂರು ಎಂದು ಕೇಳಿದರು. ಅವ್ವ ಊರು ಹೇಳಿ, ದನಿ ತಗ್ಗಿಸಿ ಕೇಳಿದಳು, “ಹೆಣ್ಣಮಕ್ಕಳು ಬರಬಹುದಲ್ರಿ, ಅಜ್ಜಾರ, ಇಲ್ಲಿ?”

“ಯಾರಮ್ಮ ಬೇಡ ಅಂದೋರು?” ಎಂದರು ಅವರು. ಹಿಂದಿನವರಿಗೆ ವಿಭೂತಿ ಕೊಡಲು ಕೈ ಚಾಚಿಬಿಟ್ಟರು.

ಅವ್ವ ಹೊರಗೆ ಬಂದು ಒಂದು ಕಲ್ಲಿನ ಮೇಲೆ ಕೂತಳು. ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲೆ ಇಟ್ಟುಕೊಂಡಳು. ಬಲಗೈಯನ್ನು ಗಾಳಿಗೆ ಅಡ್ಡ ಹಿಡಿದು ಅದನ್ನೇ ನೋಡುತ್ತ ಕೂತಳು. ಎಷ್ಟು ಹೊತ್ತು ಎಂದು ಹೇಳಲಾರೆ. ಅಲ್ಲಿ ಕುದಿ ಬರುವ ನೀರು ಇರಲಿಲ್ಲ. ನಾನು ಗೋಡೆ ಹಿಡಿದು ಕಾಲ ಕೆಳಗಿನ ಮೋಡ ನೋಡಿದೆ, ಹಸಿರು ಬೆನ್ನುಗಳನ್ನು ನೋಡಿದೆ. ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ. ಅವನು ಹೇಳದೇ ಬಿಟ್ಟದ್ದು ಒಂದೇ, ಇದು ಯಾರಿಗೆ ಬೇಕಾದರೂ ಕಾಣುತ್ತದೆ ಎನ್ನುವುದು. ನಿಷೇಧ ಬೆಟ್ಟದ್ದಲ್ಲ, ದೇವರದ್ದಲ್ಲ, ಆ ಊರಿನದ್ದೂ ಅಲ್ಲ, ಬರೀ ನಮ್ಮ ಮನೆಯದ್ದು. ಇದು ತಿಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಸಿಟ್ಟು ಇಂದಿಗೂ ನನ್ನ ಜೊತೆ ಇದೆ, ಅದರಿಂದ ನನಗೆ ಒಳ್ಳೆಯದೇ ಆಗಿದೆ.

ಕೆಳಗೆ ಬಂದಾಗ ಹುಗ್ಗಿ ತಳ ಹಿಡಿದಿತ್ತು. ದೊಡ್ಡವ್ವ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಆ ಹುಗ್ಗಿಗೆ ಅವ್ವನ ಕೈ ತಾಗಿತ್ತು. ದೊಡ್ಡಪ್ಪ ಮುಟ್ಟಲಿಲ್ಲ, ಬಾಳೆಹಣ್ಣು ತಿಂದು ಮಟಾಡೋರ್ ಹತ್ತಿ ಕೂತ. ಅಪ್ಪ ಸೀದ ವಾಸನೆಯ ಹುಗ್ಗಿಯನ್ನೇ ಎರಡು ಸಲ ಹಾಕಿಸಿಕೊಂಡು ಉಂಡ. ಧಾರವಾಡದವರೆಗೂ ಈರಣ್ಣನೊಬ್ಬನೇ ಮಾತಾಡಿದ.

ದೊಡ್ಡಪ್ಪ ಹೇಳಿದಂತೆ ನಡೆದುಕೊಂಡ. ಮರುದಿನದಿಂದ ಅವನಿಗೆ ದೊಡ್ಡವ್ವ ಬೇರೆ ಅಡುಗೆ ಮಾಡತೊಡಗಿದಳು. ಒಂದೇ ಅಡುಗೆಮನೆ, ಎರಡು ಹಂಚು. ದೊಡ್ಡವ್ವನ ರೊಟ್ಟಿ ದಪ್ಪ, ಅಂಚೆಲ್ಲ ಒಡೆದಿರುತ್ತಿತ್ತು. ದೊಡ್ಡಪ್ಪ ಅದನ್ನು ಮುರಿದು ಮೊಸರಿನಲ್ಲಿ ನೆನೆಸಿ ತಿನ್ನುತ್ತಿದ್ದ, 'ರೊಟ್ಟಿ ಅಂದ್ರ' ಎಂಬ ಮಾತನ್ನು ಮತ್ತೆ ಆಡಲಿಲ್ಲ. ಸಂಜೆ ನನ್ನನ್ನು ಪೇಪರ್ ಓದಲು ಕರೆಯುವುದೂ ನಿಂತಿತು. ಅದರಿಂದ ನನಗೆ ನೋವಾಯಿತು. ಪಡಸಾಲೆಯ ಬಾಗಿಲಲ್ಲಿ ಎಷ್ಟೋ ಸಂಜೆ ಸುಮ್ಮನೆ ನಿಂತು ವಾಪಸು ಬಂದಿದ್ದೇನೆ. ಬೀಗರು ಬಿಜ್ಜರಲ್ಲಿ ಸುದ್ದಿ ಹಬ್ಬಿ, ಮದುವೆ ಮನೆಗಳಲ್ಲಿ ಅವ್ವನನ್ನು 'ಗುಡ್ಡಾ ಹತ್ತಿದಾಕಿ' ಎಂದು ತೋರಿಸತೊಡಗಿದರು. ಅವ್ವ ತಿರುಗಿ, “ಹೌದ್ರಿ, ನಾನ,” ಎನ್ನುತ್ತಿದ್ದಳು. ಉಪ್ಪಿನಬೆಟಗೇರಿಯಿಂದ ಸೋದರಮಾವ ರಾಜಿ ಮಾಡಿಸಲು ಬಂದ.

“ತಪ್ಪಾತು ಅಂತ ಒಂದ ಮಾತು ಅಂದ್ಬಿಡು, ಕಸ್ತೂರಿ. ಮುಗದ ಹೋಗತೈತಿ.”

“ಏನ ತಪ್ಪ ಮಾಡೇನಿ ಹೇಳಣ್ಣಾ. ಹೇಳಿದ್ರ ಈಗ ಹೋಗಿ ಕಾಲಿಗೆ ಬೀಳತೇನಿ.”

ಮಾವ ಊಟ ಮಾಡಿ, ಬಸ್ಸು ಹಿಡಿದು ಊರಿಗೆ ಹೋದ.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಯಾರೋ ನೆಂಟರು ಕೂತಿದ್ದರು. ದೊಡ್ಡಪ್ಪ ಊಟ ಮಾಡುತ್ತ ಅವರಿಗೆ ಹೇಳುತ್ತಿದ್ದ, ತನ್ನ ಅಪ್ಪನ ಕಾಲದಿಂದ ಬಂದ ಪದ್ಧತಿಯನ್ನು ನಿನ್ನೆ ಮೊನ್ನೆ ಬಂದವರು ಮುರಿದರು ಎಂದು. ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಆಯಿ ಅಲ್ಲಿಂದಲೇ ದನಿ ಎತ್ತಿದಳು.

“ಪದ್ಧತಿ ಅಲ್ಲೋ ಅದು. ನನ್ನ ಕಾಲು.”

ಎಲ್ಲರೂ ತಿರುಗಿದರು.

“ಮೊದಲನೇ ವರ್ಷ ನಾನೂ ನಿಮ್ಮಪ್ಪನ ಜೋಡಿ ಹತ್ತಾಕತ್ತಿದ್ದೆ. ಅರ್ಧಕ್ಕ ಕಾಲು ಉಳುಕಿತು. ಇಳದ ಬಂದು ಮರದ ಕೆಳಗ ಕುಂತೆ. ಸುಮ್ಮನ ಯಾಕ ಕುಂಡ್ರೂದು ಅಂತ ಒಲಿ ಹಚ್ಚಿ ಹುಗ್ಗಿ ಮಾಡಿದೆ. ಅವರು ಇಳದ ಬಂದವರು ಬಿಸಿ ಬಿಸಿ ಉಂಡ್ರು, ಭಾಳ ಛಲೋ ಆತು ಅಂದ್ರು. ಮರು ವರ್ಷ ಕಾಲು ನೆಟ್ಟಗಿತ್ತು. ಆದ್ರ ಹುಗ್ಗಿ ಯಾರ ಮಾಡಬೇಕು ಅಂತ ಮತ್ತ ಕುಂಡ್ರಿಸಿದ್ರು. ಅಷ್ಟ.”

ದೊಡ್ಡಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಇಷ್ಟ ವರ್ಷ ನೀ ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?” ಎಂದು ಆಯಿ ಮತ್ತೊಂದು ಬತ್ತಿ ಎತ್ತಿಕೊಂಡಳು.

ದೊಡ್ಡಪ್ಪ ಎದ್ದು ಕೈ ತೊಳೆದುಕೊಂಡ. ಕಥೆಯಲ್ಲಾದರೆ ಆ ಸಂಜೆ ಅವನು ಅವ್ವನ ರೊಟ್ಟಿ ಕೇಳುತ್ತಿದ್ದ. ಕೇಳಲಿಲ್ಲ. ಕೊನೆಯವರೆಗೂ ಅವನು ಅವ್ವನ ಕೈಯದು ಉಣ್ಣಲಿಲ್ಲ, ಅವ್ವ ಕೊನೆಯವರೆಗೂ ತಪ್ಪಾಯಿತು ಎನ್ನಲಿಲ್ಲ. ಹಟದಲ್ಲಿ ಇಬ್ಬರೂ ಸಮ. ಒಂದು ಬೆಟ್ಟಕ್ಕಾಗಿ ಇಷ್ಟೆಲ್ಲ ಬೇಕಿತ್ತೇ ಎಂದು ನನ್ನನ್ನು ಕೇಳಿದವರಿದ್ದಾರೆ. ಬೇಕಿತ್ತು. ಆಮೇಲೆ ನಾನು ಕಾಲೇಜಿಗೆ ಹೋಗಬಾರದೆಂದಾಗ, ಗಂಡನ ಮನೆಯಲ್ಲಿ ಹೀಗೆ ಕೂರಬೇಕು ಹಾಗೆ ನಿಲ್ಲಬೇಕೆಂದಾಗ, ಪದ್ಧತಿ ಎನ್ನುವ ಮಾತು ಬಂದಾಗಲೆಲ್ಲ ನಾನು ಕೇಳಿದ್ದು ಒಂದೇ: ಯಾರ ಕಾಲು ಉಳುಕಿತ್ತು ಹೇಳ್ರಿ ಮೊದಲು. ಇದುವರೆಗೆ ಒಬ್ಬರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಮರು ವರ್ಷ ದೀಪಾವಳಿ ಮುಗಿದಾಗ, ಗಿರಿಗೆ ಗಂಡಸರಷ್ಟೇ ಹೋಗುವುದು, ಹೆಂಗಸರು ಬುಡಕ್ಕೂ ಬರುವುದು ಬೇಡ ಎಂದು ದೊಡ್ಡಪ್ಪ ಹೇಳಿದ. ಅವರು ಹೋಗಿಬಂದರು. ಹದಿನೈದು ದಿನ ಕಳೆದು ಅವ್ವ ಅಪ್ಪನಿಗೆ, “ನಾವು ನಾಳೆ ಬಸ್ಸಿಗೆ ಗಿರಿಗೆ ಹೊಂಟೇವಿ,” ಎಂದಳು. ಕೇಳಲಿಲ್ಲ, ಹೇಳಿದಳು. ನಾವು ಎಂದರೆ ಅವಳು, ನಾನು ಮತ್ತು ಆಯಿ. ಬೆಳಿಗ್ಗೆ ಹೊರಡುವಾಗ ದೊಡ್ಡವ್ವ ಕೈಚೀಲ ಹಿಡಿದು ನಡುಮನೆಯಲ್ಲಿ ನಿಂತಿದ್ದಳು, ತನ್ನ ಒಳ್ಳೆಯ ಸೀರೆ ಉಟ್ಟುಕೊಂಡು. ನಮ್ಮ ಹಿಂದೆಯೇ ಬಂದಳು. ಪಡಸಾಲೆಯಲ್ಲಿ ಕೂತಿದ್ದ ದೊಡ್ಡಪ್ಪ ನಾಲ್ಕೂ ಜನ ಹೊಸ್ತಿಲು ದಾಟುವುದನ್ನು ನೋಡಿದ.

ಆಯಿ ಒಂದೊಂದೇ ಹೆಜ್ಜೆ ಇಟ್ಟು, ಹತ್ತು ಹೆಜ್ಜೆಗೊಮ್ಮೆ ಕೂತು, ಮರಗಳು ಮುಗಿಯುವವರೆಗೂ ಬಂದಳು. ಅಲ್ಲಿ ಒಂದು ಕಲ್ಲಿನ ಮೇಲೆ ಕೂತು, “ನನಗ ಇಷ್ಟ ಸಾಕು. ನೀವು ಹೋಗ್ರಿ,” ಎಂದಳು. ಅವ್ವ ತಾನೂ ಕೂರುತ್ತೇನೆ ಎಂದಳು. ಆಯಿ ಕೈಯಲ್ಲಿದ್ದ ಕೋಲು ಎತ್ತಿ ಗದರಿಸಿದಳು. ನಾವು ಮೂವರು ಹೋದೆವು. ಅಂಚಿನ ದಾರಿಯಲ್ಲಿ ಅವ್ವ ದೊಡ್ಡವ್ವನ ಕೈ ಹಿಡಿದುಕೊಂಡಳು. ಮೇಲೆ ದೊಡ್ಡವ್ವ ಗದ್ದುಗೆಗೆ ಹಣೆ ಹಚ್ಚಿ ಎಷ್ಟು ಹೊತ್ತಾದರೂ ಏಳಲಿಲ್ಲ.

ಇಳಿದು ಬರುವಾಗ ದೂರದಿಂದಲೇ ಆಯಿಯ ದನಿ ಕೇಳಿಸಿತು. ಅವಳ ಸುತ್ತ ಗುರುತಿಲ್ಲದ ನಾಲ್ಕೈದು ಜನ ದಣಿವಾರಿಸಿಕೊಳ್ಳಲು ಕೂತಿದ್ದರು. ಆಯಿ ಕೋಲನ್ನು ಬೆಟ್ಟದ ನೆತ್ತಿಗೆ ಚಾಚಿ ತೋರಿಸುತ್ತ, “ಅಲ್ಲಿ ಹೋಗ್ಯಾರ ನೋಡ್ರಿ. ಇಬ್ಬರು ಸೊಸಿಯಂದ್ರು, ಒಬ್ಬಾಕಿ ಮೊಮ್ಮಗಳು,” ಎನ್ನುತ್ತಿದ್ದಳು. ಅವರಲ್ಲೊಬ್ಬ ಹೆಂಗಸು ನಗುತ್ತ ಕೇಳಿದಳು, “ಎಲ್ಲ ಹೆಂಗಸ್ರೂ ಇಲ್ಲಿ ಬಂದ್ಬಿಟ್ರೆ ಮನೇಲಿ ಗಂಡಸ್ರಿಗೆ ಅಡುಗೆ ಯಾರಜ್ಜಿ ಮಾಡೋದು?”

ಆಯಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

“ಹಸದವರು ಮಾಡ್ಕೋತಾರ,” ಎಂದಳು.